ಕಂಬ, ತೊಲೆ, ತಾರಸಿ: ನಮ್ಮ ಮನೆಯ ಚೌಕಟ್ಟು ಎದ್ದ ಬಗೆ

ತಳಪಾಯದ ಕೆಲಸ ಮುಗಿದು ಪ್ಲಿಂತ್ ಬೀಮಿನ (ತಳಪಾಯದ ಮೇಲಿನ ತೊಲೆಯ) ಮೇಲೆ ಕಾಲಮ್ಮುಗಳ ಕಂಬಿಗಳು ಎದ್ದು ನಿಲ್ಲುವ ಹೊತ್ತಿಗೆ ನನ್ನ ಲೆಕ್ಕದ ಪುಸ್ತಕದಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚಿನ ಖರ್ಚು ಆಗಲೇ ಬಿದ್ದಿತ್ತು. ಆದ್ದರಿಂದ ಕಾಲಮ್, ಬೀಮ್ ಮತ್ತು ಸ್ಲ್ಯಾಬ್ ಹಾಕುವ ಈ ಹಂತದಲ್ಲಿ ಹೇಗಾದರೂ ಮಾಡಿ ಒಂದಿಷ್ಟು ಉಳಿಸಲೇಬೇಕಾಗಿತ್ತು. ಕೇಳಿದವರೆಲ್ಲ ಕೊಟ್ಟ ಸಲಹೆ ಹೆಚ್ಚುಕಡಿಮೆ ಒಂದೇ: ಕಂಬಿಯ ದಪ್ಪವನ್ನು ಒಂದು ಅಳತೆ ಇಳಿಸಿ, ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿ, ಸಿಮೆಂಟಿನಲ್ಲಿ ಕೈ ಬಿಗಿಹಿಡಿಯಿರಿ. ಇವುಗಳಲ್ಲಿ ಒಂದನ್ನೂ ನಾನು ಒಪ್ಪಲಿಲ್ಲ. ನೆಲಹಾಸು, ಬಣ್ಣ, ಬಾಗಿಲುಗಳನ್ನು ಹತ್ತು ವರ್ಷ ಕಳೆದ ಮೇಲೂ ಬದಲಾಯಿಸಿಕೊಳ್ಳಬಹುದು. ಕಾಲಮ್ಮಿನೊಳಗೆ ಇಲ್ಲದ ಕಂಬಿಯನ್ನು ಆಮೇಲೆ ತಂದು ಸೇರಿಸಲು ಬರುವುದಿಲ್ಲ. ಹಾಗಿದ್ದೂ ಚೌಕಟ್ಟಿನಲ್ಲಿ ನಮಗೆ ಹಣ ಉಳಿಯಿತು. ಅದು ಉಳಿದದ್ದು ನಕ್ಷೆಯಲ್ಲಿ, ಕಂಬಿ ಕತ್ತರಿಸುವ ಪಟ್ಟಿಯಲ್ಲಿ ಮತ್ತು ಸೆಂಟ್ರಿಂಗಿನ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ, ಆಸರೆಗಳ) ಮಟ್ಟದಲ್ಲಿ.

ಮೊದಲ ನಕ್ಷೆಯಲ್ಲಿ ಮೇಲಂತಸ್ತಿನ ಒಂದು ಕಾಲಮ್ ಕೆಳಗಿನ ಕಾಲಮ್ಮಿನ ಮೇಲೆ ಕೂರದೆ ಬೀಮಿನ ನಡುವೆ ಬಂದು ಕೂತಿತ್ತು. ಅದೊಂದರ ಭಾರ ಹೊರಲೆಂದೇ ಕೆಳಗಿನ ಬೀಮ್ ಉಳಿದವುಗಳಿಗಿಂತ ಬಹಳ ಆಳವಾಗಬೇಕಿತ್ತು, ಅದರಲ್ಲಿ ಕಂಬಿಯೂ ದುಪ್ಪಟ್ಟಾಗುತ್ತಿತ್ತು. ಮೇಲಿನ ಮಲಗುವ ಕೋಣೆಯ ಗೋಡೆಯನ್ನು ಒಂದು ಮೊಳದಷ್ಟು ಸರಿಸಿದರೆ ಕಾಲಮ್ ನೇರವಾಗಿ ಕೆಳಗಿಳಿಯುತ್ತದೆ ಎಂದು ಇಂಜಿನಿಯರ್ ತೋರಿಸಿದಾಗ ನಾವು ಮರುಮಾತಿಲ್ಲದೆ ಒಪ್ಪಿದೆವು. ಎಲ್ಲ ಕಾಲಮ್ಮುಗಳೂ ಒಂದೇ ಅಳತೆಯವಾಗಲಿ ಎಂದು ಕೇಳಿಕೊಂಡದ್ದರಿಂದ ಒಂದೇ ಜೋಡಿ ಹಲಗೆಗಳು ಮನೆಯುದ್ದಕ್ಕೂ ಸುತ್ತಿ ಬಂದವು.

ಕಂಬಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನಗೆ ಅತಿ ಹೆಚ್ಚು ಉಳಿತಾಯ ಕಂಡದ್ದು ಅಲ್ಲಿ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ನಮ್ಮ ಒಂದು ಕೋಣೆಯ ಸ್ಲ್ಯಾಬಿಗೆ ಬೇಕಾಗಿದ್ದ ತುಂಡು, ಬಾಗಿಸುವ ಅಳತೆಯೂ ಸೇರಿ, 4.1 ಮೀಟರ್. ಒಂದು ಕಂಬಿಯಲ್ಲಿ ಅಂಥ ಎರಡೇ ತುಂಡು ಸಿಗುತ್ತವೆ, ಉಳಿಯುವ 3.8 ಮೀಟರ್ ತುಂಡು ಆ ಕೋಣೆಗೆ ಸಾಲುವುದಿಲ್ಲ. ಕೋಣೆಯ ಅಳತೆಯನ್ನು ಹದಿನೈದು ಸೆಂಟಿಮೀಟರ್ ಕಡಿಮೆ ಮಾಡಿ ತುಂಡನ್ನು 3.95 ಮೀಟರಿಗೆ ಇಳಿಸಿದಾಗ ಒಂದು ಕಂಬಿಯಲ್ಲಿ ಮೂರು ತುಂಡು ಬಂದವು. ಅರವತ್ತು ತುಂಡಿಗೆ ಮೂವತ್ತು ಕಂಬಿ ಬೇಕಾಗಿದ್ದಲ್ಲಿ ಇಪ್ಪತ್ತೇ ಸಾಕಾಯಿತು. ಕಂಬಿಗಳ ದಪ್ಪವಾಗಲಿ, ಅವುಗಳ ನಡುವಿನ ಅಂತರವಾಗಲಿ ಕಿಂಚಿತ್ತೂ ಬದಲಾಗಲಿಲ್ಲ; ಕೋಣೆಯಲ್ಲಿ ನಿಂತವರಿಗೆ ಆ ಹದಿನೈದು ಸೆಂಟಿಮೀಟರ್ ಗೊತ್ತಾಗುವುದೂ ಇಲ್ಲ. ಇಂಥ ಬದಲಾವಣೆಯನ್ನು ಇಂಜಿನಿಯರನ್ನು ಕೇಳದೆ ಯಾರೂ ಮಾಡಬಾರದು, ಆದರೆ ಕೇಳುವುದನ್ನು ಮಾತ್ರ ಖಂಡಿತ ಮರೆಯಬಾರದು. ಬಂದ ಕಂಬಿಯನ್ನು ತೂಗಿ ನೋಡುವುದೂ ಅಷ್ಟೇ ಅಗತ್ಯ. ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ. 12 ಮಿಲಿಮೀಟರ್ ಕಂಬಿಗೆ ಅದು ಸುಮಾರು 0.89 ಕಿಲೋ. ಒಂದು ಮೀಟರಿನ ತುಂಡು, ಒಂದು ತಕ್ಕಡಿ ಇದ್ದರೆ ಸಾಕು.

ಕಾಲಮ್ಮುಗಳ ವಿಷಯದಲ್ಲಿ ನಮಗೆ ಪೆಟ್ಟು ಬಿದ್ದದ್ದು ಎರಡನೆಯ ದಿನವೇ. ಮರುದಿನ ಹಲಗೆ ಬಿಚ್ಚಿದಾಗ ಮೂಲೆಯ ಕಾಲಮ್ಮಿನ ಬುಡದಲ್ಲಿ ಒಂದು ಗೇಣಿನಷ್ಟು ಎತ್ತರಕ್ಕೆ ಬರಿಯ ಜಲ್ಲಿ ಕಾಣುತ್ತಿತ್ತು, ಜೇನುಗೂಡಿನ ಹಾಗೆ ಸಂದುಸಂದು. ಬೆರಳು ಹಾಕಿದರೆ ಒಳಗಿನ ಕಂಬಿ ತಣ್ಣಗೆ ತಾಗಿತು. ಹಲಗೆಯ ಬುಡದಲ್ಲಿ ಬಿಟ್ಟಿದ್ದ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋಗಿತ್ತು. ಜೊತೆಗೆ ಕಾಂಕ್ರೀಟನ್ನು ಕಾಲಮ್ಮಿನ ಪೂರ್ತಿ ಎತ್ತರದಿಂದ ಸುರಿದಿದ್ದರಿಂದ ಜಲ್ಲಿ ಬೇರೆಯಾಗಿ ಕೆಳಗೆ ಕೂತಿತ್ತು, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸೂಜಿ ಬುಡದವರೆಗೆ ಇಳಿದೇ ಇರಲಿಲ್ಲ. ಗಾರೆ ಮೆತ್ತಿಬಿಟ್ಟರೆ ಸರಿಹೋಗುತ್ತದೆ ಎಂದು ಮೇಸ್ತ್ರಿ ಹೇಳಿದರು. ಇಂಜಿನಿಯರ್ ಬಂದು ಉಳಿಯಿಂದ ಕೆತ್ತಿಸಿ ನೋಡಿ, ಟೊಳ್ಳು ಕಂಬಿಯ ಹಿಂದಕ್ಕೂ ಹೋಗಿದೆ, ಮೇಲೆ ಇನ್ನೂ ಭಾರ ಬಿದ್ದಿಲ್ಲವಾದ್ದರಿಂದ ಒಡೆದು ಮತ್ತೆ ಹಾಕುವುದೇ ಸರಿ ಎಂದರು. ಎರಡು ದಿನದ ಕೂಲಿಯೂ ಒಂದು ಕಾಲಮ್ಮಿನ ಸಾಮಗ್ರಿಯೂ ಹೋದವು. ಮನಸ್ಸಿಗೆ ಬಹಳ ಕಷ್ಟವಾಯಿತು, ಆದರೆ ಆ ಖರ್ಚಿನ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅಂದಿನಿಂದ ಹಲಗೆಯ ಬುಡದ ಸಂದನ್ನು ಗಾರೆಯಿಂದ ಮುಚ್ಚದೆ ಕೆಲಸ ಶುರುವಾಗಲಿಲ್ಲ, ಒಂದೂವರೆ ಮೀಟರಿಗಿಂತ ಹೆಚ್ಚಿನ ಎತ್ತರದಿಂದ ಕಾಂಕ್ರೀಟ್ ಬೀಳಲಿಲ್ಲ, ಕಂಬಿಯನ್ನು ಹಲಗೆಯಿಂದ ದೂರವಿಡುವ ಕವರ್ ಬ್ಲಾಕ್ ಕಟ್ಟಿದ್ದಾರೆಯೇ ಎಂದು ನಾನೇ ಇಣುಕಿ ನೋಡದೆ ನಾಲ್ಕನೆಯ ಹಲಗೆ ಮುಚ್ಚಲಿಲ್ಲ. ಕಾಲಮ್ಮಿನಲ್ಲಿ ಕಂಬಿಯ ಹೊರಗೆ 40 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಅದು ತೆಳುವಾದ ಕಡೆ ತೇವ ಒಳಗಿಳಿದು ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ರಿಂಗಿನ ತುದಿಗಳನ್ನು ಬರೀ ಮೂಲೆಮಟ್ಟಕ್ಕೆ ಬಾಗಿಸಿ ಬಿಡದೆ 135 ಡಿಗ್ರಿ ಬಾಗಿಸಿ ಕಾಲಮ್ಮಿನ ಒಡಲೊಳಗೆ ತಿರುಗಿಸಬೇಕೆಂದು ಹೇಳಿ ಮಾಡಿಸಿದ್ದೂ ಆಮೇಲೆಯೇ. ಹಾಗೆ ಮಾಡದಿದ್ದರೆ ಭೂಮಿ ಅಲುಗಿದಾಗ ಹೊರಗಿನ ಕಾಂಕ್ರೀಟ್ ಉದುರಿ ರಿಂಗ್ ಬಿಚ್ಚಿಕೊಳ್ಳುತ್ತದೆ.

ನೀರಿನ ವಿಷಯಕ್ಕೆ ಪ್ರತಿದಿನವೂ ಜಗಳವೇ. ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಕೆಲಸಗಾರರು ಇನ್ನೊಂದು ಬಕೆಟ್ ಸುರಿಯಲು ಸದಾ ಸಿದ್ಧ. ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂಬುದನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದರು. ನಮ್ಮ ಮಿಶ್ರಣಕ್ಕೆ ಇಂಜಿನಿಯರ್ ಗೊತ್ತುಮಾಡಿದ್ದು 50 ಕಿಲೋ ಮೂಟೆಗೆ 25 ಲೀಟರ್, ಅದರಲ್ಲೂ ಮರಳು ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ನಾನು ಒಂದು ಬಕೆಟ್ಟಿಗೆ ಒಳಗಡೆ ಬಣ್ಣದ ಗೆರೆ ಎಳೆದು ಮಿಕ್ಸರಿನ ಪಕ್ಕದಲ್ಲಿಟ್ಟೆ, ಉಳಿದ ಬಕೆಟ್ಟುಗಳನ್ನೆಲ್ಲ ಅಲ್ಲಿಂದ ತೆಗೆಸಿದೆ. ಕಾಸಿಲ್ಲದೆ ಚೌಕಟ್ಟಿನ ಬಲ ಹೆಚ್ಚಿಸಿಕೊಂಡ ಕೆಲಸವೆಂದರೆ ಅದೊಂದೇ.

ಸ್ಲ್ಯಾಬಿನ ಹಿಂದಿನ ಸಂಜೆ ನಾನು ಸೆಂಟ್ರಿಂಗಿನ ಮೇಲೆ ಎರಡು ಮೂಲೆಗಳ ನಡುವೆ ದಾರ ಎಳೆದು ಹಲಗೆಗಳ ಮಟ್ಟ ಅಳೆದೆ. ನಡುವೆ ಹದಿನೈದು ಮಿಲಿಮೀಟರ್ ತಗ್ಗು ಇತ್ತು. ನೋಡಲು ಏನೇನೂ ಅಲ್ಲ. ಆದರೆ ಎಂಬತ್ತು ಚದರ ಮೀಟರ್ ತಾರಸಿಯಲ್ಲಿ ಸ್ಲ್ಯಾಬ್ ಎಲ್ಲೆಡೆ ಅಷ್ಟು ದಪ್ಪವಾದರೆ 1.2 ಘನ ಮೀಟರ್ ಕಾಂಕ್ರೀಟ್, ಅಂದರೆ ಹತ್ತಿರ ಹತ್ತು ಮೂಟೆ ಸಿಮೆಂಟು, ಯಾರ ಉಪಯೋಗಕ್ಕೂ ಬಾರದೆ ಒಳಗೆ ಹೋಗುತ್ತದೆ. ಮೇಲಾಗಿ ಮೂರು ಟನ್ ಭಾರವನ್ನು ಕಾಲಮ್ಮುಗಳು ಜೀವಮಾನವಿಡೀ ಹೊರಬೇಕಾಗುತ್ತದೆ. ಆಸರೆಗಳ ಬುಡಕ್ಕೆ ಬೆಣೆ ಬಡಿದು ಮಟ್ಟ ಎತ್ತಿಸುವ ಹೊತ್ತಿಗೆ ಕತ್ತಲಾಗಿತ್ತು.

ಕಾಂಕ್ರೀಟ್ ಬೀಳುವ ದಿನ ನಾನು ಬಾಲ್ಕನಿ ಬಿಟ್ಟು ಕದಲಲಿಲ್ಲ. ಒಂದೇ ಕಡೆ ಆಸರೆ ಇರುವ ಚಾಚಿನಲ್ಲಿ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಭಾಗದಲ್ಲಿ, ಏಕೆಂದರೆ ತುದಿ ಕೆಳಗೆ ಜಗ್ಗಿದಾಗ ಎಳೆತ ಬೀಳುವುದು ಮೇಲೆ. ಬಾಣಲೆ ಹೊತ್ತವರು ಅದನ್ನು ತುಳಿದು ತಳಕ್ಕೆ ಇಳಿಸಿಬಿಟ್ಟರೆ ಕಂಬಿ ಲೆಕ್ಕಕ್ಕೆ ಇದ್ದೂ ಕೆಲಸಕ್ಕೆ ಇಲ್ಲದಂತಾಗುತ್ತದೆ. ಮೇಲಿನ ಕಂಬಿಗೆ ಕೆಳಗಿನಿಂದ ಕುರ್ಚಿ ಕಂಬಿಗಳನ್ನು ಕೊಡಿಸಿದ್ದೆವು, ನಡೆದಾಡಲು ಹಲಗೆ ಹಾಸಿದ್ದೆವು. ಆದರೂ ಎರಡು ಕಡೆ ಕಂಬಿ ಕುಸಿದಿತ್ತು, ಕೊಕ್ಕೆ ಹಾಕಿ ಎತ್ತಿಸಿ ಮತ್ತೆ ಕಟ್ಟಿಸಿದೆವು.

ಮರುದಿನ ಬೆಳಿಗ್ಗೆಯಿಂದ ತಾರಸಿಯ ಮೇಲೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿದೆವು, ಹದಿನಾಲ್ಕು ದಿನ ಅದು ಆರಲು ಬಿಡಲಿಲ್ಲ. ಕಾಲಮ್ಮುಗಳಿಗೆ ಸುತ್ತಿದ ಗೋಣಿಚೀಲಕ್ಕೆ ದಿನಕ್ಕೆ ಮೂರು ಹೊತ್ತು ನೀರು ಹಾಕುತ್ತಿದ್ದವಳು ನನ್ನ ತಂಗಿ, ಒಂದು ಹೊತ್ತೂ ತಪ್ಪಿಸದೆ. ಸೆಂಟ್ರಿಂಗ್ ಬಾಡಿಗೆ ದಿನದಿನಕ್ಕೂ ಏರುತ್ತಿದ್ದರಿಂದ ಆಸರೆಗಳನ್ನು ಒಂದು ವಾರಕ್ಕೇ ತೆಗೆಯೋಣವೆಂಬ ಮಾತು ಬಂತು. ಇಂಜಿನಿಯರ್ ಹೇಳಿದ ದಿನ ಬರುವವರೆಗೆ ನಾವು ಮುಟ್ಟಲಿಲ್ಲ. ಒಳಗಿನ ಕೋಣೆಗಳಲ್ಲಿ ನಡುವಿನಿಂದ ಶುರುಮಾಡಿ ಗೋಡೆಯ ಕಡೆಗೆ ತೆಗೆಯುತ್ತ ಬಂದರು. ಬಾಲ್ಕನಿಯಲ್ಲಿ ಮಾತ್ರ ಹೊರತುದಿಯ ಆಸರೆ ಮೊದಲು, ಆಮೇಲೆ ಒಳಗಿನವು. ಬೆಳಿಗ್ಗೆಯೇ ನಾನು ನೆಲದಲ್ಲಿ ಒಂದು ಗೂಟ ನೆಟ್ಟು, ಅದರ ತಲೆಯಿಂದ ಬಾಲ್ಕನಿಯ ತುದಿಗೆ ಇರುವ ಎತ್ತರವನ್ನು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿಟ್ಟಿದ್ದೆ. ಕೊನೆಯ ಆಸರೆ ತೆಗೆದು ಎಲ್ಲರೂ ಕೆಳಗೆ ನಿಂತಾಗ ಮತ್ತೆ ಅಳೆದೆ. ಬೆಳಿಗ್ಗೆ ಬರೆದ ಅಳತೆಯೇ ಬಂತು.