ನಡುವಿನ ಎರಡು ತಂತಿ ಇಲ್ಲದ ಗಿಟಾರು: ಬಿ-52ಸ್ ಮೊದಲ ಆಲ್ಬಮ್

ಮೀನಿನ ಕೂಗು, ಆಟಿಕೆ ಪಿಯಾನೊ, ವಾಕಿಟಾಕಿ, ಬೇರೆ ಗ್ರಹದಿಂದ ಬಂದ ಹೆಣ್ಣು, ಗೋಡೆ ಮೇಲೆ ಸಿಕ್ಕ ಫೋನ್ ನಂಬರು. ‘ದಿ ಬಿ-52ಸ್’ ಎಂಬ ಅಮೆರಿಕದ ರಾಕ್ ತಂಡದ ಅದೇ ಹೆಸರಿನ ಆಲ್ಬಮ್ಮನ್ನು ಮೊದಲ ಸಲ ಕೇಳಿದವರಿಗೆ ನಗು ಬರಲೇಬೇಕು. ಆದರೆ ಬರೀ ತಮಾಷೆಯ ಹಾಡು ನಾಲ್ಕು ಸಲ ಕೇಳುವಷ್ಟರಲ್ಲಿ ಹಳಸುತ್ತದೆ. 1979ರ ಜುಲೈನಲ್ಲಿ ಹೊರಬಂದ ಈ ಒಂಬತ್ತು ಹಾಡು, ಸುಮಾರು 39 ನಿಮಿಷ, ಇಂದಿಗೂ ಹಳಸಿಲ್ಲ. ಅದರ ಗುಟ್ಟು ವಾದ್ಯಗಳ ನಡುವೆ ಬಿಟ್ಟ ಜಾಗದಲ್ಲಿದೆ. ಮೈಸೂರಿನ ಕಾಲೇಜು ಬ್ಯಾಂಡುಗಳು ಇದರ ‘ರಾಕ್ ಲಾಬ್‌ಸ್ಟರ್’ ಹಾಡನ್ನು ನುಡಿಸಲು ಹೊರಟಾಗ ಎಡವುವುದೂ ಅಲ್ಲೇ: ಆ ಜಾಗವನ್ನು ತುಂಬಿಬಿಡುತ್ತಾರೆ.

ತಂಡ ಅಮೆರಿಕದ ಜಾರ್ಜಿಯಾ ರಾಜ್ಯದ ಏಥೆನ್ಸ್ ಎಂಬ ಊರಿನದು. ಫ್ರೆಡ್ ಶ್ನೈಡರ್, ಕೇಟ್ ಪಿಯರ್ಸನ್, ಸಿಂಡಿ ವಿಲ್ಸನ್, ಅವಳ ಅಣ್ಣ ರಿಕಿ ವಿಲ್ಸನ್, ಡ್ರಮ್ಮಿಗೆ ಕೀತ್ ಸ್ಟ್ರಿಕ್‌ಲ್ಯಾಂಡ್. ರೆಕಾರ್ಡಿಂಗ್ ನಡೆದದ್ದು ಬಹಾಮಾಸ್‌ನ ನಸ್ಸಾವಿನಲ್ಲಿರುವ ಕಂಪಾಸ್ ಪಾಯಿಂಟ್ ಸ್ಟುಡಿಯೊದಲ್ಲಿ. ನಿರ್ಮಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಅವರು ವೇದಿಕೆ ಮೇಲೆ ಕೇಳುವಂತೆಯೇ ಪ್ಲೇಟಿನಲ್ಲೂ ಕೇಳಬೇಕೆಂದು ಪಟ್ಟು ಹಿಡಿದರು. ಮೇಲೆ ಮೇಲೆ ಪದರ ಹಚ್ಚಲಿಲ್ಲ, ಪ್ರತಿಧ್ವನಿ ಸುರಿಯಲಿಲ್ಲ.

ಈಗ ಗಿಟಾರಿಗೆ ಬರೋಣ, ಏಕೆಂದರೆ ಎಲ್ಲವೂ ಶುರುವಾಗುವುದು ರಿಕಿಯಿಂದ. ಆತ ತನ್ನ ಮೋಸ್ರೈಟ್ ಗಿಟಾರಿನ ನಡುವಿನ ಎರಡು ತಂತಿ, ಅಂದರೆ ಡಿ ಮತ್ತು ಜಿ, ತೆಗೆದುಹಾಕಿ ಉಳಿದವನ್ನು ತನ್ನದೇ ಶ್ರುತಿಗೆ ಕೂಡಿಸುತ್ತಿದ್ದ. ಮೈಸೂರಿನವರಿಗೆ ಇದು ತೀರಾ ವಿಚಿತ್ರ ಅನ್ನಿಸಬೇಕಿಲ್ಲ. ತಿರುಮಕೂಡಲಿನ ಚೌಡಯ್ಯನವರು ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದರು. ರಿಕಿ ಎರಡು ಕಳೆದ. ಇಬ್ಬರೂ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಈ ವಾದ್ಯ ಎಲ್ಲಿಗೆ ತಲುಪಬೇಕು, ಎಲ್ಲಿ ಸುಮ್ಮನಿರಬೇಕು?

‘ರಾಕ್ ಲಾಬ್‌ಸ್ಟರ್’ಗೆ ಬಳಕೆಯಲ್ಲಿರುವ ಶ್ರುತಿ, ದಪ್ಪ ತಂತಿಯಿಂದ ಶುರುಮಾಡಿದರೆ, ಸಿ, ಎಫ್, ಆಮೇಲೆ ಖಾಲಿ, ಖಾಲಿ, ಕೊನೆಗೆ ಎಫ್, ಎಫ್. ಎಫ್ ಅನ್ನು ಷಡ್ಜ ಅಂದುಕೊಂಡರೆ ಇದು ಪ-ಸ-ಸ-ಸ. ಸ್ಥಾಯಿ ಬೇರೆ ಬೇರೆ, ಸ್ವರಗಳು ಮಾತ್ರ ತಂಬೂರಿಯವೇ. ಆದ್ದರಿಂದ ಟ್ಯೂನರ್ ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಾಲ್ಕು ಮನೆಗೆ, ಪಂಚಮಕ್ಕೆ ಇಟ್ಟು ತಂತಿ ಕೂಡಿಸಿ. ಮೇಲಿನ ಎರಡು ಎಫ್ ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದ ಅಲೆಯಲೆಯಾಗಿ ತೂಗಿದರೆ ಅವು ಇನ್ನೂ ಸೇರಿಲ್ಲ. ತೂಗಾಟ ನಿಂತು ಒಂದೇ ತಂತಿಯಂತೆ ಕೇಳುವವರೆಗೆ ಕೀ ತಿರುಗಿಸಿ.

ತಂತಿ ಕಟ್ಟುವಾಗ ಆತುರ ಬೇಡ. ಇರುವ ಎರಡನೇ ತಂತಿಯನ್ನೇ (ಬಿ) ಮೇಲಿನ ಎಫ್‌ಗೆ ಎಳೆಯಲು ಹೋಗಬೇಡಿ. ಆರು ಫ್ರೆಟ್‌ನಷ್ಟು, ಅಂದರೆ ಗಿಟಾರಿನ ಆರು ಮನೆಯಷ್ಟು, ಏರಿಸಿದರೆ ಬಿಗಿತ ಸರಿಯಾಗಿ ಇಮ್ಮಡಿಯಾಗುತ್ತದೆ. ತಂತಿ ಒತ್ತಲಾಗದಷ್ಟು ಗಡುಸಾಗುತ್ತದೆ. ಒಂದನೇ ತಂತಿ, 0.010 ಇಂಚಿನದು, ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಅದನ್ನೇ ಇನ್ನೊಂದು ತಂದು ಎರಡನೇ ಜಾಗಕ್ಕೂ ಹಾಕಿ, ಎರಡನ್ನೂ ಇ ಇಂದ ಒಂದೇ ಫ್ರೆಟ್‌ನಷ್ಟು ಏರಿಸಿದರೆ ಸಾಕು. ನಟ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ (ನೆಕ್) ತುದಿಯಲ್ಲಿ ತಂತಿ ಕೂರುವ ಪಟ್ಟಿಯಲ್ಲಿ, ಎರಡನೇ ಜಾಗದ ತೋಡನ್ನು ದಪ್ಪ ತಂತಿಗೆ ಕೊರೆದಿರುವುದರಿಂದ ಸಣ್ಣ ತಂತಿ ಅದರಲ್ಲಿ ಅಲ್ಲಾಡಿ ಝೇಂಕರಿಸಬಹುದು. ತೋಡಿನಲ್ಲಿ ತೆಳು ಕಾಗದದ ಚೂರು ಮಡಚಿಟ್ಟು ಅದರ ಮೇಲೆ ತಂತಿ ಕೂರಿಸಿ.

ಕೆಳಗಿನ ಎರಡು ತಂತಿಗೆ ಕಷ್ಟ ಇದರ ಉಲ್ಟಾ. ಇ ಇಂದ ಸಿಗೆ, ಎ ಇಂದ ಎಫ್‌ಗೆ, ಎರಡೂ ನಾಲ್ಕು ಫ್ರೆಟ್ ಇಳಿಯುತ್ತವೆ. ಬಿಗಿತ ಶೇಕಡ 37ರಷ್ಟು ಕುಸಿಯುತ್ತದೆ. ತಂತಿ ಜೋತುಬಿದ್ದು ಫ್ರೆಟ್ಟಿಗೆ ಬಡಿಯುತ್ತದೆ, ಜೋರಾಗಿ ಮೀಟಿದರೆ ಸ್ವರವೇ ಮೇಲಕ್ಕೆ ಜಾರುತ್ತದೆ. ಆರನೇ ಜಾಗಕ್ಕೆ 0.056 ಇಂಚಿನ ತಂತಿ ಹಾಕಿ. ತೆಗೆದ 0.046ರ ಹಳೇ ಆರನೇ ತಂತಿಯನ್ನು ಐದನೇ ಜಾಗಕ್ಕೆ ತನ್ನಿ. ಎಫ್‌ನಲ್ಲಿ ಅದರ ಬಿಗಿತ ಮಾಮೂಲಿ ಐದನೇ ತಂತಿಯಷ್ಟೇ ಇರುತ್ತದೆ. ಆದರೆ ಎರಡೂ ತಂತಿ ನಟ್‌ನ ತೋಡಿಗಿಂತ ದಪ್ಪ, ಮೇಲೆ ಎದ್ದು ಕೂರುತ್ತವೆ. ತೋಡನ್ನು ಅಗಲ ಮಾಡಿಸಬೇಕು, ಆಳ ಮಾಡಿಸಬಾರದು. ಒಮ್ಮೆ ಅರದಿಂದ ಉಜ್ಜಿದ್ದು ಮತ್ತೆ ತುಂಬಿ ಬರುವುದಿಲ್ಲ, ಹಾಗಾಗಿ ಇದಕ್ಕೆ ಒಳ್ಳೆಯ ಗಿಟಾರನ್ನು ಬಲಿ ಕೊಡಬೇಡಿ, ಮೂಲೆಯಲ್ಲಿ ಬಿದ್ದಿರುವ ಅಗ್ಗದ್ದನ್ನು ಎತ್ತಿಕೊಳ್ಳಿ.

ಎರಡು ತಂತಿಯ ಎಳೆತ ಇಲ್ಲವಾದ್ದರಿಂದ ನೆಕ್ ಒಂದೆರಡು ದಿನದಲ್ಲಿ ಹಿಂದಕ್ಕೆ ಬಾಗಿ ಮೊದಲ ಕೆಲವು ಫ್ರೆಟ್‌ಗಳಲ್ಲಿ ಸದ್ದು ಗೊರಗೊರ ಅನ್ನಬಹುದು. ನೆಕ್ಕಿನೊಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ನೋಡಿ. ತೇಲುವ ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ, ಸ್ಪ್ರಿಂಗಿನ ಮೇಲೆ ಅಲ್ಲಾಡುವ ಭಾಗ) ಇರುವ ಗಿಟಾರಾದರೆ ಹಿಂದಿನ ಸ್ಪ್ರಿಂಗುಗಳು ಗೆದ್ದು ಬ್ರಿಡ್ಜನ್ನು ಒಳಕ್ಕೆ ಎಳೆಯುತ್ತವೆ. ಒಂದು ಸ್ಪ್ರಿಂಗ್ ಬಿಚ್ಚಿ.

ಇಷ್ಟೆಲ್ಲ ಮಾಡಿ ಮೀಟಿದಾಗ ಕಿವಿಗೆ ಮೊದಲು ಬೀಳುವುದು ಆ ಖಾಲಿ ಜಾಗವೇ. ಕೆಳಗೆ ಗುಡುಗುವ ಒಂದು ರಿಫ್ (ಮರಳಿ ಮರಳಿ ಬರುವ ಪುಟ್ಟ ಧಾಟಿ), ಎರಡು ಸ್ಥಾಯಿ ಮೇಲೆ ಕಿಣಿಗುಟ್ಟುವ ಜೋಡಿ ತಂತಿ, ನಡುವೆ ಏನೂ ಇಲ್ಲ. ಮನುಷ್ಯರ ದನಿ ನಿಲ್ಲುವುದು ಆ ನಡುವಿನಲ್ಲೇ. ಫ್ರೆಡ್‌ನ ಮಾತಿನಂಥ ಕೂಗು, ಕೇಟ್ ಮತ್ತು ಸಿಂಡಿಯ ಜೋಡಿ ದನಿ, ಮೂರಕ್ಕೂ ಗಿಟಾರು ದಾರಿ ಬಿಟ್ಟಿದೆ. ಅಲ್ಲಿ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಬಾರ್ ಕಾರ್ಡ್ ಬಡಿದರೆ ಹಾಡು ಸತ್ತಹಾಗೆ.

ಆಗ ತಂಡದಲ್ಲಿ ಬಾಸ್ ಗಿಟಾರ್ ಇರಲಿಲ್ಲ. ಆ ಕೆಲಸ ಕೇಟ್‌ಳ ಕೀಬೋರ್ಡಿನದು, ಜೊತೆಗೆ ಇಟಲಿಯ ಫರ್ಫೀಸಾ ಆರ್ಗನ್ ಕೂಡ ಅವಳದೇ. ಮನೆಯ ಸಾಧಾರಣ ಕೀಬೋರ್ಡಿನಲ್ಲೂ ಇದನ್ನು ಮಾಡಬಹುದು: ಸ್ಪ್ಲಿಟ್ ಹಾಕಿ, ಅಂದರೆ ಕೀಗಳನ್ನು ಎರಡು ಭಾಗ ಮಾಡಿ, ಎಡಗೈಗೆ ಸಿಂತ್ ಬಾಸ್, ಬಲಗೈಗೆ ಆರ್ಗನ್. ಆರ್ಗನ್‌ನ ಸುತ್ತುವ (ರೋಟರಿ) ಎಫೆಕ್ಟ್ ನಿಲ್ಲಿಸಿ, ಸಸ್ಟೇನ್ ತೆಗೆಯಿರಿ, ಎಡಗೈಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಮೊಬೈಲಿನ ಸ್ಪೀಕರಿನಲ್ಲಿ ಈ ಆಲ್ಬಮ್ ಕೇಳಿ ತೆಳುವಾಗಿದೆ ಅನ್ನುವವರಿಗೆ ಕೇಳದೆ ಹೋಗಿರುವುದು ಈ ಎಡಗೈಯೇ. ಹೆಡ್‌ಫೋನ್ ಹಾಕಿ ಕೇಳಬೇಕು.

ಹಾಗೆ ಕೇಳಲು ‘ಪ್ಲಾನೆಟ್ ಕ್ಲೇರ್’ ಒಳ್ಳೆಯ ಜಾಗ. ಹೆನ್ರಿ ಮಾನ್ಚೀನಿಯ ‘ಪೀಟರ್ ಗನ್’ ಧಾಟಿಯನ್ನು ಆಧರಿಸಿದ ಒಂದೇ ಒಂದು ಕೆಳಸ್ವರದ ಸುತ್ತು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಪದವೇ ಇಲ್ಲ, ಆರ್ಗನ್ನಿನ ಜೊತೆ ಕೇಟ್‌ಳ ಆಲಾಪ ಮಾತ್ರ. ‘ಡ್ಯಾನ್ಸ್ ದಿಸ್ ಮೆಸ್ ಅರೌಂಡ್’ನಲ್ಲಿ ಸಿಂಡಿ ನನ್ನ ಜೊತೆ ಯಾಕೆ ಕುಣಿಯುವುದಿಲ್ಲ ಎಂದು ಕೇಳುತ್ತ, ನಾನೇನು ನಾರುವ ಲಿಂಬರ್ಗರ್ ಚೀಸ್ ಅಲ್ಲವಲ್ಲ ಅನ್ನುತ್ತಾಳೆ. ಸಾಲು ತಮಾಷೆಯದು, ದನಿಯಲ್ಲಿರುವುದು ನಿಜವಾದ ನೋವು. ಇಡೀ ಆಲ್ಬಮ್ಮಿನಲ್ಲಿ ಇದಕ್ಕಿಂತ ಎತ್ತರದ ಗಾಯನವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡನೇ ಬದಿ ಅಷ್ಟು ಬಿಗಿಯಿಲ್ಲ. ಪೆಟುಲಾ ಕ್ಲಾರ್ಕ್ ಹಾಡಿದ್ದ ‘ಡೌನ್‌ಟೌನ್’ ಇಲ್ಲದಿದ್ದರೂ ನಡೆಯುತ್ತಿತ್ತು.

‘ರಾಕ್ ಲಾಬ್‌ಸ್ಟರ್’ 1978ರಲ್ಲೇ ಚಿಕ್ಕದಾಗಿ ಸಿಂಗಲ್ ಆಗಿ ಬಂದಿತ್ತು. ಆಲ್ಬಮ್ಮಿನಲ್ಲಿ ಅದು 6 ನಿಮಿಷ 49 ಸೆಕೆಂಡು. ಕೊನೆಯಲ್ಲಿ ಫ್ರೆಡ್ ಒಂದೊಂದು ಕಡಲ ಜೀವಿಯ ಹೆಸರು ಕೂಗಿದಂತೆ ಹೆಂಗಸರು ಅದರ ಸದ್ದು ಹೊರಡಿಸುತ್ತಾರೆ. 1980ರಲ್ಲಿ ಬರ್ಮುಡಾದಲ್ಲಿ ಇದನ್ನು ಕೇಳಿದ ಜಾನ್ ಲೆನನ್‌ಗೆ ಯೋಕೊ ಓನೊ ಅವರ ದನಿ ನೆನಪಾಗಿ, ಮತ್ತೆ ಹಾಡು ಮಾಡುವ ಹುರುಪು ಬಂತು. ರಿಕಿ 1985ರಲ್ಲಿ, 32ನೇ ವಯಸ್ಸಿಗೆ, ಏಡ್ಸ್‌ನಿಂದ ತೀರಿಕೊಂಡ. ಆಮೇಲೆ ಕೀತ್ ಡ್ರಮ್ ಬಿಟ್ಟು ಗಿಟಾರಿಗೆ ಬಂದ.

ಯುವ ದಸರಾದಂಥ ಬಯಲು ವೇದಿಕೆಯಲ್ಲಿ ಇದನ್ನು ನುಡಿಸುವವರಿಗೆ ಕೊನೆಯ ಮಾತು ಮೂರು ಮೈಕಿನ ಬಗ್ಗೆ. ಸೌಂಡ್‌ನವರು ಹಾಡುವ ಮೈಕಿಗೆ ಎಕೋ ಹಾಕಿಯೇ ಕೊಡುವುದು ವಾಡಿಕೆ. ಮೀನುಗಳ ಭಾಗದಲ್ಲಿ ಕೂಗು ಮತ್ತು ಉತ್ತರ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ; ಎಕೋ ಇದ್ದರೆ ಎರಡೂ ಕಲಸಿ, ಯಾವ ಮೀನು ಯಾವುದೆಂದೇ ತಿಳಿಯುವುದಿಲ್ಲ. ಸೌಂಡ್ ಚೆಕ್‌ನಲ್ಲೇ ಆ ಭಾಗವನ್ನು ಹಾಡಿ ತೋರಿಸಿ, ಮೂರೂ ಮೈಕಿನ ಎಕೋ ಪೂರ್ತಿ ತೆಗೆಸಿ, ಫ್ರೆಡ್‌ನ ಸಾಲು ಹೇಳುವವನ ಮೈಕಿನ ಸದ್ದನ್ನು ಉಳಿದೆರಡಕ್ಕಿಂತ ತುಸು ಕಡಿಮೆ ಇಡಿಸಿ.