ಅಂಟ್ಕಂಡೈತೆ, ಸೇರ್ಕಂಡಿಲ್ಲ

ಭಾನುವಾರ ಬೆಳಿಗ್ಗೆ ಕೇಳಿದ ಒಂದು 'ಟಕ್' ಸದ್ದು ಇನ್ನೂ ಕಿವಿಯಲ್ಲಿದೆ. ಸುಟ್ಟ ಹಪ್ಪಳ ಮುರಿದ ಹಾಗಿತ್ತು. ಮುರಿದದ್ದು ನಾನು ಎರಡು ದಿನ ಬೆವರು ಸುರಿಸಿ ಹಾಕಿದ ಬೆಸುಗೆ. ಹೊಡೆದವರು ರಿಂಗ್ ರೋಡಿನ ವೆಲ್ಡಿಂಗ್ ಶಾಪಿನ ಭಾಯ್. ಸುತ್ತಿಗೆಯ ಒಂದೇ ಏಟು, ಅದೂ ತೆಂಗಿನಕಾಯಿ ಒಡೆಯುವಷ್ಟು ಜೋರಿನದು. ಕಿತ್ತು ಬಿದ್ದ ಪ್ಲೇಟನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನನಗೂ ತೋರಿಸಿದರು.

"ಅಂಟ್ಕಂಡೈತೆ ಮೇಷ್ಟ್ರೇ, ಸೇರ್ಕಂಡಿಲ್ಲ."

ಆ ಪ್ಲೇಟು ಮೊಮ್ಮಗಳ ಉಯ್ಯಾಲೆಯದು. ದಸರಾ ರಜೆಗೆ ಬರುತ್ತಾಳೆ, ಬಂದವಳೇ ಹತ್ತಿ ಕೂರುತ್ತಾಳೆ. ಮೇಲಿನ ಪೈಪಿನ ತೊಲೆಗೆ ಎರಡು ಪ್ಲೇಟು, ಪ್ಲೇಟಿಗೆ ಕೊಕ್ಕೆ, ಕೊಕ್ಕೆಗೆ ಸರಪಳಿ. ಎಲ್ಲಾ ಭಾರ ಬೀಳುವುದು ಆ ಎರಡು ಪ್ಲೇಟಿನ ಮೇಲೆ. ತೊಲೆಯನ್ನು ಸ್ಕೂಟರ್ ಮೇಲೆ ಅಡ್ಡ ಇಟ್ಟುಕೊಂಡು ಭಾಯ್ ಹತ್ತಿರ ಒಯ್ದದ್ದು ಪರೀಕ್ಷೆ ಮಾಡಿಸೋಕೆ ಅಂತ ನನ್ನ ಹೆಂಡತಿ ಹತ್ತಿರ ಹೇಳಿದ್ದೆ. ನಿಜ ಹೇಳಬೇಕೆಂದರೆ ತೋರಿಸಿಕೊಳ್ಳೋಕೆ ಹೋಗಿದ್ದೆ. ಬೆಸುಗೆ ಅಷ್ಟು ಚೆಂದ ಬಂದಿತ್ತು. ನಾಣ್ಯಗಳನ್ನು ಒಂದರ ಮೇಲೊಂದು ವಾಲಿಸಿಟ್ಟ ಹಾಗೆ ಸಾಲಾಗಿ ಕೂತಿತ್ತು.

ಮಿಗ್ ಮೆಷಿನ್, ಅಂದರೆ ವೈರು ಕರಗಿಸಿ ಬೆಸುಗೆ ಹಾಕುವ ವೆಲ್ಡಿಂಗ್ ಮೆಷಿನ್, ತಗೊಳ್ಳೋಕೆ ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ತುಮಕೂರಿನ ಪಿಯು ಕಾಲೇಜಿನಲ್ಲಿ 31 ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ, ಇನ್ನೊಂದು ವರ್ಷಕ್ಕೆ ನಿವೃತ್ತಿ. ಆಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಏನಾದರೂ ಮಾಡಿಕೊಂಡಿರೋಣ ಅಂತ ಆಸೆ. ಹಳೆಯ ರಾಡ್ ವೆಲ್ಡಿಂಗ್ ಒಮ್ಮೆ ಪ್ರಯತ್ನಿಸಿದ್ದೆ. ರಾಡು ಹೋಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ, ಕಿತ್ತರೆ ಬರುವುದಿಲ್ಲ, ಬಂದರೆ ಅದರ ಮೇಲಿನ ಲೇಪ ಉದುರಿ ಹೋಗಿರುತ್ತದೆ. ಮಿಗ್‌ನಲ್ಲಿ ಆ ರಗಳೆ ಇಲ್ಲ. ಟ್ರಿಗರ್ ಒತ್ತಿದರೆ ವೈರು ತಾನಾಗಿ ಬರುತ್ತದೆ, ಗ್ಯಾಸು ತಾನಾಗಿ ಬರುತ್ತದೆ, ಕೈ ಒಂದೇ ಸಮ ಸರಿಯುತ್ತಾ ಹೋದರೆ ಸಾಕು.

ಬಾವಮೈದ ಫೋನಿನಲ್ಲೇ ತೀರ್ಪು ಕೊಟ್ಟ. "ತಗೊಳ್ಳೋದಾದ್ರೆ ದೊಡ್ಡದೇ ತಗೊಳ್ಳಿ ಭಾವ, 250 ಆಂಪ್ಸ್. ಮುಂದೆ ಬೇಕಾಗುತ್ತೆ." ಇವನ ಮನೆಯ ಟ್ರೆಡ್‌ಮಿಲ್ ಮೇಲೆ ಎರಡು ವರ್ಷದಿಂದ ಬಟ್ಟೆ ಒಣಗುತ್ತಿದೆ. ಅದನ್ನೂ ದೊಡ್ಡದೇ ತಗೊಂಡಿದ್ದ.

ನಾನು ಹಾಗೆ ಮಾಡುವವನಲ್ಲ. ಲೆಕ್ಕ ಹಾಕಿದೆ. ಮಿಗ್‌ನಲ್ಲಿ ಆರ್ಕಿನ, ಅಂದರೆ ವೈರಿನ ತುದಿಯಲ್ಲಿ ಉರಿಯುವ ವಿದ್ಯುತ್ ಕಿಡಿಯ, ವೋಲ್ಟೇಜಿಗೆ ಒಂದು ಸುಲಭ ಸೂತ್ರವಿದೆ: ಆಂಪನ್ನು 20ರಿಂದ ಭಾಗಿಸಿ 14 ಕೂಡಿಸಿ. 200 ಆಂಪಿಗೆ 24 ವೋಲ್ಟ್. ಅಂದರೆ ಆರ್ಕಿನಲ್ಲೇ 4,800 ವ್ಯಾಟ್, ಮೆಷಿನ್ ಒಳಗೆ ಸೋರುವುದು ಬೇರೆ. ಮನೆಯ 16 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ ಕೊಡಬಲ್ಲದ್ದು 3,680 ವ್ಯಾಟ್. ನಮ್ಮ ಮನೆಗೆ ಮಂಜೂರಾದ ಲೋಡೇ 3 ಕಿಲೋವ್ಯಾಟ್. ಡಬ್ಬದ ಮೇಲೆ 200 ಬರೆದಿರಲಿ, 250 ಬರೆದಿರಲಿ, ನಮ್ಮ ಗೋಡೆಯಿಂದ ಬರುವುದು 120ರ ಆಸುಪಾಸು ಅಷ್ಟೆ. ಬಾವಮೈದನಿಗೆ ಇದನ್ನು ವಿವರಿಸಿದೆ. "ಲೋಡ್ ಜಾಸ್ತಿ ಮಾಡಿಸ್ಕೊಳಿ ಭಾವ" ಅಂದ.

ಚಿಕ್ಕಪೇಟೆ ಮೆಟ್ರೋ ಇಳಿದು ಎಸ್‌ಪಿ ರೋಡಿನ ಅಂಗಡಿಗಳನ್ನು ಒಂದು ಶನಿವಾರ ಪೂರ್ತಿ ಸುತ್ತಿದೆ. ಮೆಷಿನ್ನುಗಳು ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಮಿಠಾಯಿ ಅಂಗಡಿಯ ಹಾಗೆ ಸಾಲಾಗಿದ್ದವು. ಒಂದು ಕಡೆ ಹುಡುಗನನ್ನು ಕೇಳಿದೆ, "ಇದರ ಡ್ಯೂಟಿ ಸೈಕಲ್ ಎಷ್ಟಪ್ಪಾ?" ಅವನು ಒಂದು ಕ್ಷಣವೂ ತಡಬಡಿಸಲಿಲ್ಲ. "ಡ್ಯೂಟಿ ಎಲ್ಲಾ ಇದೆ ಸಾರ್, ಒಂದು ವರ್ಷ ವಾರಂಟಿ." ಪಾಪ, ಅವನ ತಪ್ಪಲ್ಲ. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಬಿಡದೆ ವೆಲ್ಡ್ ಮಾಡಬಹುದು ಅನ್ನುವುದೇ ಡ್ಯೂಟಿ ಸೈಕಲ್. 60 ಪರ್ಸೆಂಟ್ ಅಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಮೆಷಿನ್ ಹಿಂದೆ ಸಣ್ಣ ತಗಡಿನಲ್ಲಿ ಬರೆದಿರುತ್ತದೆ. ನಾನು ನೆಲದ ಮೇಲೆ ಕೂತು, ಮೊಬೈಲ್ ಟಾರ್ಚ್ ಹಾಕಿ ಪ್ರತಿಯೊಂದನ್ನೂ ಓದಿದೆ. ಅಂಗಡಿಯವರು ನನ್ನನ್ನು ಯಾವುದೋ ಇಲಾಖೆಯ ಇನ್‌ಸ್ಪೆಕ್ಟರ್ ಅಂದುಕೊಂಡು ಕಾಫಿ ತರಿಸಿದರು.

ಕೊನೆಗೆ ತಗೊಂಡದ್ದು ಹದಿನೆಂಟೂವರೆ ಸಾವಿರದ್ದು. ಗ್ಯಾಸ್ ಇದ್ದೂ ನಡೆಯುತ್ತದೆ, ಇಲ್ಲದೆಯೂ ನಡೆಯುತ್ತದೆ. ಇದು ಮುಖ್ಯ. ಗ್ಯಾಸ್ ಜೊತೆಗಿನ ಮಾಮೂಲಿ ವೈರಿಗೆ ಟಾರ್ಚು, ಅಂದರೆ ವೈರು ಹೊರಬರುವ ಕೈಹಿಡಿ, ಪ್ಲಸ್‌ನಲ್ಲಿರಬೇಕು. ಒಳಗೇ ಪುಡಿ ತುಂಬಿರುವ, ಗ್ಯಾಸ್ ಬೇಡದ ವೈರಿಗೆ ಟಾರ್ಚು ಮೈನಸ್‌ನಲ್ಲಿರಬೇಕು. ಅದಲು ಬದಲು ಮಾಡಲು ಬಾರದ ಮೆಷಿನ್ ತಗೊಂಡರೆ ಒಂದೇ ವೈರಿಗೆ ಗಂಟು ಬೀಳುತ್ತೇವೆ. ಟಾರ್ಚು ಬಿಚ್ಚಿ ಬದಲಿಸುವಂತಿರಬೇಕು. ಅಗ್ಗದ ಕೆಲವದರಲ್ಲಿ ಅದು ಹೊಟ್ಟೆಯೊಳಗಿಂದಲೇ ಬಂದಿರುತ್ತದೆ, ಕೆಟ್ಟರೆ ಮೆಷಿನ್ನೇ ಬಿಚ್ಚಬೇಕು. ಐದು ಕಿಲೋ ವೈರಿನ ಸುರುಳಿ ಹಿಡಿಸಬೇಕು. ಒಂದು ಕಿಲೋ ಸುರುಳಿ ಸ್ಯಾಶೆ ಶಾಂಪೂ ಇದ್ದ ಹಾಗೆ, ಕೈಗೆ ಹಗುರ, ಲೆಕ್ಕ ಹಾಕಿದರೆ ದುಬಾರಿ. ಇಷ್ಟೆಲ್ಲಾ ನೋಡಿ ತಂದೆ. ಗ್ಯಾಸ್ ಏಜೆನ್ಸಿಯವರು ಸಣ್ಣ ಸಿಓಟು ಸಿಲಿಂಡರ್ ಕೇಳಿದ್ದಕ್ಕೆ "ಸೋಡಾ ಅಂಗಡಿನಾ ಸಾರ್?" ಅಂದರು. ಹೌದಲ್ವಾ, ಗೋಲಿ ಸೋಡಾದೊಳಗಿನ ಗ್ಯಾಸೂ ಇದೇ.

ಇಷ್ಟು ಓದಿಕೊಂಡವನ ಬೆಸುಗೆ ಒಂದೇ ಏಟಿಗೆ ಕಿತ್ತು ಬಂತು.

ಭಾಯ್ ಪ್ಲೇಟನ್ನು ನನ್ನ ಕೈಗಿಟ್ಟರು. ಬೆಸುಗೆಯ ಗೆರೆ ಇಡಿಯಾಗಿ ಪೈಪಿನ ಜೊತೆಗೇ ಉಳಿದಿತ್ತು. ಪ್ಲೇಟಿನ ಮೇಲೆ ಏನೂ ಇರಲಿಲ್ಲ. ಹೊಸ ಕಬ್ಬಿಣದ ಮೇಲಿರುವ ಕಪ್ಪು ಪೊರೆ ಕೂಡ ಹಾಗೇ ಇತ್ತು, ಅದರ ಮೇಲೆ ಬೆಸುಗೆ ಕೂತಿದ್ದ ಕಡೆ ಒಂದು ಮಸುಕು ನೆರಳು, ಗೋಡೆಯಿಂದ ಕ್ಯಾಲೆಂಡರ್ ತೆಗೆದಾಗ ಉಳಿಯುತ್ತದಲ್ಲ ಅಂಥದ್ದು.

ಆಮೇಲೆ ಕೇಳಿದರು, ಪೈಪು ಎಷ್ಟು ಗೇಜು, ಪ್ಲೇಟು ಎಷ್ಟು ದಪ್ಪ. 16 ಗೇಜು, ಅಂದರೆ 1.6 ಮಿಲಿಮೀಟರ್. ಪ್ಲೇಟು 6 ಮಿಲಿಮೀಟರ್. ಕರೆಂಟ್ ಎಷ್ಟಿಟ್ಟಿದ್ರಿ? 75. ಪೈಪು ತೂತು ಬೀಳಬಾರದು ಅಂತ. ಅವರು ನಕ್ಕರು. ತೆಳ್ಳಗಿರುವುದು ಕರಗಿದೆ, ದಪ್ಪ ಇರುವುದಕ್ಕೆ ಕಾವೇ ತಾಗಿಲ್ಲ. ಕರಗಿದ ಕಬ್ಬಿಣ ಅದರ ಮೇಲೆ ಸುಮ್ನೆ ಮಲಗಿದೆ. ದೋಸೆ ಹಿಟ್ಟನ್ನು ಕಾಯದ ಹೆಂಚಿನ ಮೇಲೆ ಹುಯ್ದ ಹಾಗೆ. ಈ ದೋಸೆಯ ಮಾತು ನನ್ನದು, ಅವರು ಅಷ್ಟೆಲ್ಲಾ ಹೇಳಲಿಲ್ಲ. ಕಡಿಮೆ ಮಾತಿನವರು. ಹೇಳಿದ್ದು ಇಷ್ಟೇ: "ರಾಡ್ ವೆಲ್ಡಿಂಗ್ ಕೆಟ್ರೆ ನೋಡಿದ್ರೇ ಗೊತ್ತಾಗ್ತದೆ. ಇದು ಕೆಟ್ರೂ ಚೆಂದ ಕಾಣ್ತದೆ. ಅದಕ್ಕೇ ನನ್ ಹುಡುಗ್ರಿಗೆ ಮೊದ್ಲು ರಾಡಲ್ಲೇ ಕಲಿಸೋದು."

ಈ ಮಾತಿಗೆ ನಾನು ಸಿದ್ಧನಿರಲಿಲ್ಲ. ಮೂರು ತಿಂಗಳಲ್ಲಿ ಓದಿದ್ದರಲ್ಲಿ, ನೋಡಿದ ವಿಡಿಯೋಗಳಲ್ಲಿ, 'ಹೊಸಬರಿಗೆ ಮಿಗ್ ಸುಲಭ' ಅಂತ ಎಲ್ಲರೂ ಹೇಳಿದ್ದರು. ಸುಲಭ ಹೌದು. ಯಾವುದು ಸುಲಭ ಅಂತ ನಾನು ಕೇಳಿಕೊಂಡಿರಲಿಲ್ಲ.

ಇನ್ನೊಂದು ಅವಮಾನ ಬಾಕಿ ಇತ್ತು. ಶೆಡ್ಡಿಗೆ ಕರೆಂಟ್ ಹೇಗೆ ತಗೊಂಡಿದೀರಿ ಅಂದರು. 20 ಮೀಟರಿನ ಎಕ್ಸ್‌ಟೆನ್ಷನ್, 1.5 ಚದರ ಮಿಲಿಮೀಟರಿನ ವೈರು. ಮನೆಗೆ ಬಂದು ಲೆಕ್ಕ ಹಾಕಿದೆ. ಹೋಗಿ ಬರುವುದಕ್ಕೆ 40 ಮೀಟರ್ ತಾಮ್ರ, ಹತ್ತಿರ ಹತ್ತಿರ ಅರ್ಧ ಓಮ್. 15 ಆಂಪ್ ಎಳೆದರೆ 7 ವೋಲ್ಟ್ ದಾರಿಯಲ್ಲೇ ಖರ್ಚು, ನೂರು ವ್ಯಾಟಿನ ಮೇಲೆ ಶಾಖ. ಅರ್ಧ ವೈರು ಸುರುಳಿಯಲ್ಲೇ ಇತ್ತು, ಮುಟ್ಟಿದರೆ ಬಿಸಿ. ಇದೇ ಲೆಕ್ಕವನ್ನು ದ್ವಿತೀಯ ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಕೊಡುತ್ತೇನೆ. ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕು ಕತ್ತರಿಸುತ್ತೇನೆ.

ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಕಣ್ಣ ಮುಂದೆ ಬಂದದ್ದು ಉಯ್ಯಾಲೆ. ಅವಳು ಕಾಲು ಚಾಚಿ ಜೀಕುತ್ತಿರುವುದು, ಮೇಲೆ 'ಟಕ್'. ಎದ್ದು ನೀರು ಕುಡಿದೆ. ಆಮೇಲೆ ಬಂದದ್ದು ಕಾಲೇಜು.

ಕಳೆದ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬಳು ಹುಡುಗಿ, ಅಚ್ಚುಕಟ್ಟಾದ ರೆಕಾರ್ಡು, ಗ್ರಾಫು ಮುದ್ರಿಸಿದ ಹಾಗೆ. ಓಮ್ಸ್ ಲಾ ಹೇಳಮ್ಮಾ ಅಂದೆ. ಪುಸ್ತಕದಲ್ಲಿದ್ದಂತೆ, ತಾಪ ಮತ್ತಿತರ ಸ್ಥಿತಿಗಳು ಬದಲಾಗದಿದ್ದರೆ ಅನ್ನುವುದೂ ಸೇರಿ, ಒಂದು ಪದ ಬಿಡದೆ ಹೇಳಿದಳು. ಎದುರಿಗಿದ್ದ ತಂತಿ ತೋರಿಸಿ, ಇದನ್ನು ಇನ್ನೂ ಉದ್ದ ಮಾಡಿದರೆ ಮೀಟರ್ ಮುಳ್ಳು ಯಾವ ಕಡೆ ಹೋಗುತ್ತದೆ ಅಂತ ಕೇಳಬೇಕು ಅನ್ನಿಸಿತ್ತು. ಬಾಯಿವರೆಗೂ ಬಂದಿತ್ತು. ಕೇಳಲಿಲ್ಲ. ಹೊರಗೆ ಇನ್ನೂ 14 ಮಕ್ಕಳು ನಿಂತಿದ್ದರು, ಸಂಜೆ ಬಸ್ಸು ತಪ್ಪುತ್ತಿತ್ತು. ಜೊತೆಗೆ, ಕೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಪೂರ್ತಿ ಮಾರ್ಕು ಹಾಕಿದೆ. ಆ ವರ್ಷ ನಮ್ಮ ವಿಷಯಕ್ಕೆ ಒಳ್ಳೆಯ ಫಲಿತಾಂಶ ಬಂತು. ಪ್ರಿನ್ಸಿಪಾಲರು ಎಲ್ಲರ ಮುಂದೆ ಹೊಗಳಿದರು.

ಮಕ್ಕಳು ಬಾಯಿಪಾಠ ಮಾಡುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ನಾನೂ ಬೈದವನೇ. ಆದರೆ ಸುತ್ತಿಗೆ ನನ್ನ ಕೈಯಲ್ಲಿತ್ತಲ್ವಾ? 31 ವರ್ಷ ಇಟ್ಟುಕೊಂಡಿದ್ದೆ. ಗೆರೆ ಚೆಂದ ಇದೆಯಾ ಅಂತ ನೋಡಿ ಮುಂದಕ್ಕೆ ಕಳಿಸಿದೆ. ಭಾಯ್ ಹತ್ತಿರ ಕೆಲಸ ಕಲಿಯುವ ಹುಡುಗರು ಮೂವರೋ ನಾಲ್ವರೋ ಇದ್ದಾರೆ. ಅಲ್ಲೊಂದು ಡ್ರಮ್ಮಿದೆ, ಅದರ ತುಂಬಾ ಅವರು ಹಾಕಿದ, ಇವರು ಒಡೆದ ಜಾಯಿಂಟುಗಳು. ಭಾನುವಾರ ಅದನ್ನು ನೋಡಿ ಗುಜರಿ ಅಂದುಕೊಂಡಿದ್ದೆ.

ಸೋಮವಾರ ಸಂಜೆ ಕಾಲೇಜು ಮುಗಿಸಿ ನೇರ ಅಲ್ಲಿಗೇ ಹೋದೆ. ತೊಲೆ ಬಿಟ್ಟು ಹೋಗಿ, ಆ ಎರಡು ಪ್ಲೇಟು ರಾಡಲ್ಲಿ ಹೊಡೆದುಕೊಡ್ತೀನಿ ಅಂದರು. ಬೇಡ ಅಂದೆ. ಸರಿ ಅಂತ ಕಲಿಸಿದರು. ಮೊದಲು ಪ್ಲೇಟಿನ ಕಪ್ಪು ಪೊರೆಯನ್ನು ಗ್ರೈಂಡರ್‌ನಲ್ಲಿ ಬೆಳ್ಳಿ ಥರ ಹೊಳೆಯುವಷ್ಟು ತೆಗೆಯಬೇಕು. 6 ಮಿಲಿಮೀಟರ್ ಬೇಡ, ನಿಮ್ಮ ಮನೆ ಕರೆಂಟಿಗೆ 4 ಸಾಕು. ಕರೆಂಟು 110ಕ್ಕೆ ಏರಿಸಿ, ಬೆಂಕಿಯನ್ನು ಪ್ಲೇಟಿನ ಕಡೆಗೇ ತಿರುಗಿಸಿ ಹಿಡಿಯಬೇಕು. "ದಪ್ಪದ್ರ ಮೇಲೆ ನಿಲ್ಲಿ, ತೆಳ್ಳಗಿರೋದ್ರ ಮೇಲೆ ಸುಮ್ನೆ ಹಾದು ಹೋಗಿ." ಸದ್ದು ಕೇಳಿಸಿಕೊಳ್ಳಿ ಅಂದರು. ಸರಿಯಿದ್ದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬಿಡದೆ ಚಟಪಟ ಅನ್ನುತ್ತಿರುತ್ತದೆ. ಎಕ್ಸ್‌ಟೆನ್ಷನ್ ಬಿಸಾಕಿ, ಎಲೆಕ್ಟ್ರಿಷಿಯನ್ ಕರೆಸಿ ಶೆಡ್ಡಿಗೆ 4ರ ವೈರು ಎಳೆಸಿದೆ, ಬೇರೆ ಎಂಸಿಬಿ ಹಾಕಿಸಿದೆ. ಬಾವಮೈದನಿಗೆ ಹೇಳಿಲ್ಲ.

ಈ ವಾರ ಪೂರ್ತಿ ಇದೇ ಆಯಿತು. ದಿನಕ್ಕೆ ಐದಾರು ಜಾಯಿಂಟು ಹಾಕುವುದು, ವೈಸ್‌ಗೆ ಕಚ್ಚಿಸಿ ಒಡೆಯುವುದು. ಇವಳು ಎರಡು ದಿನ ಸುಮ್ಮನಿದ್ದು, ಮೂರನೇ ದಿನ "ಮಾಡೋಕೆ ಮೆಷಿನ್ ತಂದ್ರಾ, ಮುರಿಯೋಕಾ?" ಅಂದಳು. ಮೊಮ್ಮಗಳು ಫೋನಿನಲ್ಲಿ ಉಯ್ಯಾಲೆ ಆಯ್ತಾ ತಾತ ಅಂತ ಕೇಳಿದಳು. ಇಲ್ಲಾ ಪುಟ್ಟಿ, ಇನ್ನೂ ಒಡೀತಾ ಇದೀನಿ ಅಂದೆ. ಅವಳಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ, ಸರಿ ಅಂತ ಫೋನ್ ಅವರಮ್ಮನಿಗೆ ಕೊಟ್ಟಳು.

ನಿನ್ನೆ ಸಂಜೆ ಒಂದು ಜಾಯಿಂಟು ಒಯ್ದೆ. ನೋಡೋಕೆ ಭಾನುವಾರದ್ದರಷ್ಟು ಚೆಂದ ಇಲ್ಲ. ಒಂದು ಕಡೆ ಉಬ್ಬಿದೆ, ಒಂದು ಕಡೆ ಪೈಪು ಸ್ವಲ್ಪ ಕರಗಿದೆ. ಭಾಯ್ ಏನೂ ಹೇಳದೆ ವೈಸ್‌ಗೆ ಹಾಕಿದರು. ಒಂದು ಏಟು. ಎರಡು. ಮೂರಕ್ಕೆ ಪ್ಲೇಟು ಬಾಗಿತು, ಬೆಸುಗೆ ಹಿಡಿದುಕೊಂಡೇ ಇತ್ತು. ನಾಲ್ಕಕ್ಕೆ ಬಲಗಡೆ ತುದಿ ಬಿಟ್ಟಿತು. ಬಗ್ಗಿ, ಬೆರಳಿನಿಂದ ಸವರಿ ನೋಡಿದರು.

"ಅರ್ಧ ಸೇರ್ಕಂಡೈತೆ."

ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ತಿರುಗಿಸಿದರು. "ಇನ್ನರ್ಧ ನೀವೇ ಹೊಡೀರಿ ಮೇಷ್ಟ್ರೇ."

ಕನ್ನಡಕ ಸರಿ ಮಾಡಿಕೊಂಡು ಹೊಡೆದೆ.