ರಾಜ್ಯಶಾಸ್ತ್ರದ ಪಾಠಕ್ಕೆ ಯಾವ ಜಾಲತಾಣ ನೋಡಬೇಕು?

ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಪ್ರೌಢಶಾಲೆಯ ರಾಜ್ಯಶಾಸ್ತ್ರದ ಪಾಠಗಳಿಗೆ ಅಂತರ್ಜಾಲದಲ್ಲಿ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ, ಒಂದೆರಡು ವಿಡಿಯೊ ಇದ್ದರೆ ಕಳಿಸಬಹುದೇ? ಅವರ ಕಷ್ಟ ನನಗೂ ಗೊತ್ತು. ಇತಿಹಾಸಕ್ಕೆ ಕೋಟೆ ಕೊತ್ತಲಗಳಿವೆ, ಭೂಗೋಳಕ್ಕೆ ನಕಾಶೆಯಿದೆ. ರಾಜ್ಯಶಾಸ್ತ್ರ ಮಾತ್ರ ವಿಧಿಗಳ ಸಂಖ್ಯೆ, ಸದಸ್ಯರ ಸಂಖ್ಯೆ, ಅಧಿಕಾರಾವಧಿಗಳ ಪಟ್ಟಿಯಾಗಿ ಮಕ್ಕಳ ಮುಂದೆ ಬಂದು ನಿಲ್ಲುತ್ತದೆ. ಆದರೂ ನಾನು ವಿಡಿಯೊ ಕಳಿಸುವುದಿಲ್ಲ. ಸರ್ಕಾರದ ಕುರಿತು ಇನ್ನೊಬ್ಬರು ಸಿದ್ಧಪಡಿಸಿದ ಪಾಠವನ್ನು ಹುಡುಕುವ ಬದಲು, ಶಾಸನಸಭೆ, ನ್ಯಾಯಾಲಯ, ಪಂಚಾಯಿತಿಗಳು ತಮ್ಮ ಕೆಲಸದ ನಡುವೆಯೇ ಬರೆದಿಟ್ಟ ಕಾಗದಗಳನ್ನು ತರಗತಿಗೆ ತನ್ನಿ ಎನ್ನುತ್ತೇನೆ. ಅವು ಇಂದು ಯಾರ ಅನುಮತಿಯೂ ಬೇಕಿಲ್ಲದೆ ಉಚಿತವಾಗಿ ಸಿಗುತ್ತವೆ.

ಸಿದ್ಧ ಟಿಪ್ಪಣಿಗಳ ಬಗ್ಗೆ ನನಗೆ ಭಯವೂ ಇದೆ. ಕರ್ನಾಟಕ ವಿಧಾನಸಭೆಯ ಸದಸ್ಯರು 225 ಎಂದೇ ಹೇಳುವ ಟಿಪ್ಪಣಿಗಳು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಅವಕಾಶ 2020ರ ಜನವರಿಯಲ್ಲಿ ಕೊನೆಗೊಂಡಿತು, ಈಗಿರುವವರು ಚುನಾಯಿತರಾದ 224 ಮಂದಿ ಮಾತ್ರ. ಇಂಥ ಅನುಮಾನ ಬಂದಾಗ ನೋಡಬೇಕಾದದ್ದು ಕೇಂದ್ರ ಶಾಸಕಾಂಗ ಇಲಾಖೆಯ ಜಾಲತಾಣದಲ್ಲಿರುವ ಸಂವಿಧಾನದ ಮೂಲಪಠ್ಯವನ್ನು. ಅಲ್ಲಿ ಕನ್ನಡ ಅನುವಾದವೂ ಇದೆ; ಅದು ಯಾವ ವರ್ಷದವರೆಗಿನ ತಿದ್ದುಪಡಿಗಳನ್ನು ಒಳಗೊಂಡಿದೆ ಎಂಬುದನ್ನು ಮಾತ್ರ ಮೊದಲೇ ಗಮನಿಸಬೇಕು.

ನಾನು ಅತಿ ಹೆಚ್ಚು ಬಳಸುವುದು ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು. ಸಂಸತ್ತಿನ ಜಾಲತಾಣದಲ್ಲಿ ಅವು ಪೂರ್ತಿಯಾಗಿವೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆ ನಡೆಸುವ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಎಂಬ ತಾಣದಲ್ಲಿ ಒಂದೊಂದು ವಿಧಿಯ ಬಗ್ಗೆ ಯಾರು ಎಂದು ಏನು ಮಾತನಾಡಿದರು ಎಂಬುದನ್ನು ಸುಲಭವಾಗಿ ಹುಡುಕಬಹುದು. ಗ್ರಾಮ ಪಂಚಾಯಿತಿಯ ಪಾಠವನ್ನೇ ತೆಗೆದುಕೊಳ್ಳಿ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು ಹಳ್ಳಿಯೆಂದರೆ ಅಜ್ಞಾನ, ಸಂಕುಚಿತ ಬುದ್ಧಿ ಮತ್ತು ಕೋಮುಭಾವನೆಗಳ ಬೀಡಲ್ಲದೆ ಇನ್ನೇನು ಎಂದು ಕೇಳಿದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಒಪ್ಪಿಕೊಂಡದ್ದು ತಮಗೆ ಸಂತೋಷ ತಂದಿದೆ ಎಂದೂ ಹೇಳಿದರು. ಮಂಗಳೂರಿನಲ್ಲಿ ಹುಟ್ಟಿದ, ಸಭೆಯ ಸದಸ್ಯ ಎಚ್. ವಿ. ಕಾಮತ್ ಅವರು ಮರುದಿನವೇ ಇದು ಪಟ್ಟಣದ ಮೇಧಾವಿಗಳ ಧೋರಣೆ ಎಂದು ಖಂಡಿಸಿದರು. ನವೆಂಬರ್ 22ರಂದು ಕೆ. ಸಂತಾನಂ ಅವರು ಗ್ರಾಮ ಪಂಚಾಯಿತಿಗಳನ್ನು ಸಂಘಟಿಸುವುದು ರಾಜ್ಯದ ಕರ್ತವ್ಯವೆಂಬ ತಿದ್ದುಪಡಿಯನ್ನು ತಂದಾಗ, ಅದನ್ನು ಒಪ್ಪಿರುವುದಾಗಿ ಅಂಬೇಡ್ಕರ್ ಅವರೇ ಸಭೆಗೆ ತಿಳಿಸಿದರು. ಇಂದಿನ 40ನೆಯ ವಿಧಿ ಬಂದದ್ದು ಹೀಗೆ.

ಈ ಮೂರು ದಿನಗಳ ಮಾತುಗಳಿಂದ ಒಂದು ಪುಟದಷ್ಟನ್ನು ನಾನೇ ಕನ್ನಡಕ್ಕೆ ತಂದು, ಮುದ್ರಿಸಿ, ಒಂಬತ್ತನೆಯ ತರಗತಿಗೆ ಕೊಡುತ್ತೇನೆ. ಮೊದಲ ಸಲ ಕೊಟ್ಟಾಗ ಮುಂದಿನ ಬೆಂಚಿನ ಮಕ್ಕಳು ನಮ್ಮೂರನ್ನು ಹಾಗೆ ಬೈಯಬಾರದಿತ್ತು ಎಂದರು. ಊರ ಹೊರಗಿನ ಕೇರಿಯಿಂದ ಬರುವ ಹುಡುಗನೊಬ್ಬ ಬಹಳ ಹೊತ್ತು ಸುಮ್ಮನಿದ್ದು, ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಕೇಳಿದ. ತರಗತಿ ಸ್ತಬ್ಧವಾಯಿತು. ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸ್ಥಾನಗಳನ್ನು ಏಕೆ ಮೀಸಲಿಡಬೇಕಾಯಿತು, 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗವನ್ನು ಏಕೆ ಕಡ್ಡಾಯ ಮಾಡಿತು, ಕರ್ನಾಟಕ ಅದನ್ನು ಅರ್ಧಕ್ಕೆ ಏಕೆ ಏರಿಸಿತು ಎಂಬುದನ್ನು ವಿವರಿಸಲು ನನಗೆ ಆ ದಿನ ಪಠ್ಯಪುಸ್ತಕ ಬೇಕಾಗಲಿಲ್ಲ. ಪ್ರಶ್ನೆ ಅದಾಗಲೇ ಕೋಣೆಯೊಳಗೆ ಬಂದಿತ್ತು.

ಇಂಥ ಇನ್ನೂ ಕೆಲವಿವೆ. ರಾಷ್ಟ್ರಪತಿ ಆಳ್ವಿಕೆಯ ಪಾಠಕ್ಕೆ ಎಸ್. ಆರ್. ಬೊಮ್ಮಾಯಿ ಪ್ರಕರಣಕ್ಕಿಂತ ಹತ್ತಿರದ ಉದಾಹರಣೆ ಕನ್ನಡದ ಮಕ್ಕಳಿಗೆ ಸಿಗಲಾರದು: 1989ರ ಏಪ್ರಿಲ್ 21ರಂದು ವಜಾಗೊಂಡ, ಅವರು ಮುಖ್ಯಮಂತ್ರಿಯಾಗಿದ್ದ ಕರ್ನಾಟಕ ಸರ್ಕಾರ, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೊಟ್ಟ ತೀರ್ಪು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿಯೇ ಹೊರತು ರಾಜ್ಯಪಾಲರ ಅಭಿಪ್ರಾಯದಲ್ಲಿ ಅಲ್ಲ ಎನ್ನುವ ಭಾಗವನ್ನಷ್ಟೇ ನ್ಯಾಯಾಲಯಗಳ ತೀರ್ಪುಗಳಿರುವ ಇಂಡಿಯನ್ ಕಾನೂನ್ ತಾಣದಿಂದ ತೆಗೆದು ಓದಿಸಿದರೆ ಸಾಕು. ಮಸೂದೆಗಳ ಸಾರಾಂಶಕ್ಕೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ತಾಣ ನಂಬಿಕೆಗೆ ಯೋಗ್ಯವಾಗಿದೆ.

ಚುನಾವಣಾ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ತರಗತಿಯಲ್ಲಿ ತೆರೆಯಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ಆಸ್ತಿ, ಸಾಲ, ವಿದ್ಯಾಭ್ಯಾಸ, ಬಾಕಿಯಿರುವ ಮೊಕದ್ದಮೆಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಹೇಳಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅವು ಎಲ್ಲರಿಗೂ ತೆರೆದಿವೆ. ಆದರೆ ನಮ್ಮ ಮಕ್ಕಳ ಮನೆಗಳಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಆದ್ದರಿಂದ ನಾನು ಮೊದಲು ಈ ಪ್ರಮಾಣಪತ್ರದ ಭರ್ತಿಯಾಗದ ಪ್ರತಿಯನ್ನು, ಅಂದರೆ ನಮೂನೆ 26ನ್ನು ಹಂಚಿ, ಇದರಲ್ಲಿ ಏನೇನು ಕೇಳಿದ್ದಾರೆ, ಏಕೆ ಕೇಳಿದ್ದಾರೆ ಎಂದು ಚರ್ಚಿಸುತ್ತೇನೆ. ಆಮೇಲೆ ದೂರದ ಬೇರೊಂದು ಕ್ಷೇತ್ರದ, ಮುಗಿದುಹೋದ ಚುನಾವಣೆಯ ಪತ್ರಗಳನ್ನು ತೋರಿಸುತ್ತೇನೆ. ಮೊಕದ್ದಮೆ ಬಾಕಿಯಿದೆ ಎಂದರೆ ಅಪರಾಧ ಸಾಬೀತಾಗಿದೆ ಎಂದಲ್ಲ ಎನ್ನುವುದನ್ನು ಹೇಳದೆ ಆ ಪುಟವನ್ನು ಮುಚ್ಚಬಾರದು.

ನೆಟ್‌ವರ್ಕ್ ಸಿಗದ, ಸ್ಮಾರ್ಟ್ ತರಗತಿಯಿಲ್ಲದ ಶಾಲೆಗಳವರು ಇದೆಲ್ಲ ನಮಗಲ್ಲ ಎಂದುಕೊಳ್ಳಬಾರದು. ಬೇಕಾದದ್ದು ಮನೆಯಲ್ಲಿ ಒಂದು ಗಂಟೆ ಮತ್ತು ಮುದ್ರಿಸಿದ ನಾಲ್ಕು ಹಾಳೆ. ಒಂದೇ ಒಂದು ತಾಣ ಹೇಳಿ ಎಂದು ಪಟ್ಟು ಹಿಡಿದವರಿಗೆ ನಾನು ಹೇಳುವುದು ಇ-ಗ್ರಾಮ್ ಸ್ವರಾಜ್. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2020ರ ಏಪ್ರಿಲ್‌ನಲ್ಲಿ ಆರಂಭಿಸಿದ ಇದರಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕುಗಳನ್ನು ಆರಿಸುತ್ತ ಹೋದರೆ ಕೊನೆಗೆ ನಮ್ಮದೇ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆ ತೆರೆದುಕೊಳ್ಳುತ್ತದೆ, ಕಾಮಗಾರಿಗಳ ಹೆಸರು ಮತ್ತು ಅಂದಾಜು ವೆಚ್ಚದ ಸಮೇತ.

ಎರಡು ವರ್ಷಗಳ ಹಿಂದೆ ನಾನು ಮುದ್ರಿಸಿ ತಂದ ಪಟ್ಟಿಯಲ್ಲಿ ಶಾಲೆಯ ಹಿಂಬದಿಯ ಚರಂಡಿಯೂ ಇತ್ತು. ಮಕ್ಕಳು ಅದನ್ನು ಹೆಜ್ಜೆಯಿಂದ ಅಳೆಯಲು ಹೋದರು. ಚರಂಡಿ ಅರ್ಧಕ್ಕೆ ನಿಂತಿತ್ತು. ಹಣ ತಿಂದಿದ್ದಾರೆ ಎಂದು ಅರ್ಧ ತರಗತಿ ತೀರ್ಮಾನಿಸಿಬಿಟ್ಟಿತು. ಯೋಜನೆಯಲ್ಲಿ ಸೇರಿದ್ದು, ಮಂಜೂರಾದದ್ದು, ಖರ್ಚಾದದ್ದು ಮೂರೂ ಬೇರೆ ಬೇರೆ ಎಂದು ಬಿಡಿಸಿ ಹೇಳಲು ಒಂದು ಅವಧಿಯೇ ಹಿಡಿಯಿತು. ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಹಾಳೆಯನ್ನು ನೋಡಿಕೊಂಡೇ, ಕಾಮಗಾರಿಯ ಹೆಸರನ್ನು ಓದಿ, ಉಳಿದದ್ದು ಯಾವಾಗ ಎಂದು ಕೇಳಿದಳು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡತ ತರಿಸಿ ನೋಡಿ, ಮೊದಲ ಹಂತದ ಬಿಲ್ ಮಾತ್ರ ಆಗಿದೆ, ಉಳಿದದ್ದನ್ನು ಮುಂದಿನ ವರ್ಷದ ಯೋಜನೆಗೆ ಸೇರಿಸುತ್ತೇವೆ ಎಂದರು. ಹಾಗಾದರೆ ಅದು ಈ ಜಾಲತಾಣದಲ್ಲಿ ಯಾವ ತಿಂಗಳು ಕಾಣುತ್ತದೆ ಎಂದು ಅವಳು ಮತ್ತೆ ಕೇಳಿದಳು. ಅವರು ಹೇಳಿದ ತಿಂಗಳನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು ಕುಳಿತಳು.